ನೀಲಿ ಮುಚ್ಚಳದ ಡಬ್ಬಿ

ಜಪಾನಿನ ಆ ಊರಿಗೆ ಹೋದ ಮೊದಲ ಎರಡು ತಿಂಗಳು ಗಂಡನನ್ನೂ ಫೋನಿನಲ್ಲಿ ಅಮ್ಮನನ್ನೂ ಬಿಟ್ಟರೆ ನಾನು ಯಾರೊಡನೆಯೂ ಮಾತಾಡಿದವಳಲ್ಲ. ಗಂಡ ಬೆಳಿಗ್ಗೆ ಕಾರ್ಖಾನೆಗೆ ಹೋದರೆ ಬರುವುದು ಕತ್ತಲಾದ ಮೇಲೆಯೇ. ಸುಳ್ಯದಲ್ಲಿ ಬಸ್ಸಿಗೆ ಕಾಯುವ ಹತ್ತು ನಿಮಿಷದಲ್ಲಿ ನಾಲ್ಕು ಮನೆಯ ಸುದ್ದಿ ಕೇಳಿ ಮುಗಿಸುತ್ತಿದ್ದವಳು ನಾನು! ಇಲ್ಲಿ ಲಿಫ್ಟಿನಲ್ಲಿ ಸಿಕ್ಕವರು ತಲೆಬಾಗಿಸಿ, ಆಮೇಲೆ ಗೋಡೆ ನೋಡುತ್ತಿದ್ದರು. ನನಗೆ ತಲೆ ಕೆಟ್ಟುಹೋಗುತ್ತಿತ್ತು.

ಒಂದು ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿ, ನೀಲಿ ಮುಚ್ಚಳದ ಡಬ್ಬಿಯಲ್ಲಿ ಬೇಯಿಸಿದ ಗೆಣಸು ಕೊಟ್ಟರು. ಒಂಟಿ ಜೀವ. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಇಬ್ಬರೂ ಬಾಗಿಲಲ್ಲಿ ನಿಂತು ಸುಮ್ಮನೆ ನಕ್ಕೆವು. ಆ ಖುಷಿ ನನಗೆ ಮೂರು ದಿನಕ್ಕೆ ಸಾಕಾಯಿತು.

ಸುಳ್ಯದ ಹತ್ತಿರ ಪಂಜದಲ್ಲಿರುವ ನಮ್ಮ ಮನೆಯಿಂದ ಯಾರ ಪಾತ್ರೆಯೂ ಖಾಲಿ ಹಿಂದಿರುಗಿದ್ದಿಲ್ಲ. ಅಮ್ಮ ಫೋನಿನಲ್ಲಿ ಅದನ್ನೇ ನೆನಪಿಸಿದಳು. “ಖಾಲಿ ಕೊಡ್ಬೇಡ ಮಾರಾಯ್ತಿ. ಎಂತದೂ ಇಲ್ಲದಿದ್ರೆ ಒಂದು ಚಿಟಿಕೆ ಸಕ್ಕರೆಯಾದ್ರೂ ಹಾಕು.”

ರವೆ ಉಂಡೆ ತುಂಬಿಸಿ ಕೊಟ್ಟೆ. ಎರಡೇ ದಿನದಲ್ಲಿ ಡಬ್ಬಿ ವಾಪಸ್ಸು ಬಂತು, ಒಳಗೆ ಕಿತ್ತಳೆ. ನಾನು ಗೋಳಿಬಜೆ ಕೊಟ್ಟೆ. ಅವರು ಅಂಗಡಿಯ ಸಿಹಿತಿಂಡಿ ತಂದರು. ನಾನು ಬಿಡುವವಳೇ? ಊರಿನಿಂದ ತಂದ ಹಲಸಿನ ಹಪ್ಪಳ ಕರಿದು ಕೊಟ್ಟೆ. ಆ ಸಲ ಇನ್ನೂ ದುಬಾರಿ ಸಿಹಿ ಬಂತು. ಅಜ್ಜಿಯ ನಗು ಸಣ್ಣದಾಗುತ್ತಿದ್ದುದು ಮಾತ್ರ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಒಂದು ಸಂಜೆ ಗಂಡ ಶೂ ಬಿಚ್ಚುತ್ತಲೇ ಹೇಳಿದರು: “ಇನ್ನು ಅಜ್ಜಿಗೆ ಎಂತ ಕೂಡ ಕೊಡ್ಲಿಕ್ಕೆ ಹೋಗ್ಬೇಡ. ಕಟ್ಟಡ ನೋಡಿಕೊಳ್ಳುವವ್ರು ಫೋನ್ ಮಾಡಿದ್ರು, ಅಜ್ಜಿ ಅವರತ್ರ ಹೇಳಿಕೊಂಡಿದ್ದಾರಂತೆ.”

ಇಲ್ಲಿ ಏನಾದರೂ ತೆಗೆದುಕೊಂಡರೆ ಬದಲಿಗೆ ಕೊಡಲೇಬೇಕಂತೆ. ಅಜ್ಜಿಗಿರುವುದು ಪಿಂಚಣಿಯೊಂದೇ. ಮಂಡಿನೋವು ಬೇರೆ; ಆ ಕಾಲೆಳೆದುಕೊಂಡೇ ಪೇಟೆಗೆ ಹೋಗಿ ಸಿಹಿ ತರುತ್ತಿದ್ದರಂತೆ.

“ನನ್ನತ್ರ ಹೇಳ್ಲಿಕ್ಕೆ ಎಂತ ಆಗಿತ್ತು ಅವರಿಗೆ?” ಎಂದು ಗಂಡನ ಮೇಲೆ ರೇಗಿದೆ. ಪಾಪ, ಅವರೇನು ಮಾಡಿಯಾರು! ಆಮೇಲೆ ಸ್ನಾನದ ಕೋಣೆಗೆ ಹೋಗಿ ಅತ್ತೆ. ಇದ್ದ ಒಬ್ಬರೇ ಒಬ್ಬರನ್ನು ನಾನೇ ಗೋಳುಹೊಯ್ದುಕೊಂಡಿದ್ದೆ.

ಡಬ್ಬಿ ಆಗ ನಮ್ಮ ಮನೆಯಲ್ಲೇ ಇತ್ತು. ಮರುದಿನ ತೊಳೆದು ಒರೆಸಿದೆ. ಸಕ್ಕರೆಯ ಭರಣಿ ತೆಗೆದೆ, ಮತ್ತೆ ಮುಚ್ಚಿಟ್ಟೆ. ಹೋಗಿ ತಟ್ಟಿದಾಗ ಅಜ್ಜಿ ಅರ್ಧ ಬಾಗಿಲು ತೆರೆದರು. ಡಬ್ಬಿ ಕಂಡದ್ದೇ ಅವರ ಮುಖ ಬಾಡಿತು. ನಾನೇ ಮುಚ್ಚಳ ತೆಗೆದು ಖಾಲಿ ಎಂದು ತೋರಿಸಿದೆ. ಅವರು ಉದ್ದಕ್ಕೆ ಉಸಿರು ಬಿಟ್ಟು ನಕ್ಕರು. ಗೆಣಸು ಕೊಟ್ಟ ದಿನದ್ದೇ ನಗು. ಎರಡು ಸಲ ತಲೆಬಾಗಿ, ಡಬ್ಬಿ ತೆಗೆದುಕೊಂಡು ಬಾಗಿಲು ಹಾಕಿಕೊಂಡರು. ಇನ್ನು ಆ ಬಾಗಿಲು ತಟ್ಟಲು ನನಗೆ ಯಾವ ನೆಪವೂ ಇರಲಿಲ್ಲ.

ಸಂಜೆ ಅಮ್ಮನ ಫೋನ್ ಬಂತು. “ಡಬ್ಬಿ ಕೊಟ್ಟಿಯಾ? ಎಂತ ಹಾಕಿದಿ ಈ ಸಲ?”

“ಸಕ್ಕರೆ,” ಎಂದೆ.