ಹಸಿ ಬಣ್ಣದ ಹಣೆ

ಎರಡು ವರ್ಷದ ಹಿಂದಿನ ಮಾತು. ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ದಾವಣಗೆರೆಯ ಸರಸ್ವತಿ ನಗರದವಳು, ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಬಿಡುವಿನಲ್ಲಿ ಎಣ್ಣೆಬಣ್ಣದಲ್ಲಿ ಭಾವಚಿತ್ರ ಬರೆಯುತ್ತೇನೆ. ಹರಿಹರದ ಬಟ್ಟೆ ವ್ಯಾಪಾರಿಯೊಬ್ಬರು ತೀರಿಕೊಂಡ ತಮ್ಮ ತಂದೆಯ ಚಿತ್ರ ಬೇಕೆಂದರು. ವರ್ಷದ ಪುಣ್ಯಸ್ಮರಣೆಯ ದಿನ ಅನಾವರಣ. ಮೊಬೈಲಿಗೆ ಒಂದೇ ಒಂದು ಫೋಟೊ ಕಳಿಸಿದರು.

ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದ ನನ್ನಪ್ಪ, "ಮುಖ ಬರೆಯಾದಾದ್ರೆ ಹಣೆಯಿಂದ ಶುರು ಮಾಡು, ಬೆಳಕು ಬೀಳೋದೇ ಅಲ್ಲಿ" ಅನ್ನುತ್ತಿದ್ದರು. ಆ ಪಾಠವನ್ನು ನಾನು ಬಿಟ್ಟಿಲ್ಲ. ಈ ಹಣೆಗೆ ಇಪ್ಪತ್ತು ದಿನ ಹಿಡಿಯಿತು. ತೆಳುವಾಗಿ ಒಂದು ಪದರ, ಅದು ಒಣಗಿದ ಮೇಲೆ ಇನ್ನೊಂದು. ನಾನು ಬರೆದ ಹಣೆಗಳಲ್ಲೆಲ್ಲ ಅದೇ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಕೊನೆಯ ಪದರ ಒಣಗುವ ಮೊದಲೇ ಆ ದಿನ ಬಂತು. "ಬಣ್ಣ ಹಸಿ ಐತೆ, ಯಾರೂ ಮುಟ್ಟಬ್ಯಾಡ್ರಿ" ಎಂದು ಆ ವ್ಯಾಪಾರಿ ಮಗನಿಗೆ ಎರಡೆರಡು ಸಲ ಹೇಳಿದ್ದೆ.

ಪರದೆ ಸರಿಯಿತು. ಮನೆ ತುಂಬಾ ನೆಂಟರು. ಅಷ್ಟರಲ್ಲಿ ತೀರಿಕೊಂಡವರ ಹೆಂಡತಿ, ಎಪ್ಪತ್ತು ದಾಟಿದ ಅಜ್ಜಿ, ಎದ್ದು ಬಂದರು. ವಿಭೂತಿ ಗಟ್ಟಿಯನ್ನು ಮೂರು ಬೆರಳಿಗೆ ತಿಕ್ಕಿಕೊಂಡು ಸೀದಾ ಆ ಹಣೆಯ ಮೇಲೆ ಎಳೆದೇಬಿಟ್ಟರು! ಮನೆಯ ಫೋಟೊಗಳಿಗೆಲ್ಲ ದಿನಾ ಹಾಗೆ ಹಚ್ಚಿ ರೂಢಿ. ಅವಕ್ಕೆ ಗಾಜಿರುತ್ತದೆ, ನನ್ನ ಚಿತ್ರಕ್ಕೆ ಇರಲಿಲ್ಲ. ಬಣ್ಣ ಬೆರಳಿಗೆ ಕಿತ್ತು ಬಂತು. ಒಂದು ಗೆರೆ ಹುಬ್ಬಿನವರೆಗೂ ಜಾರಿತು.

"ಅಜ್ಜೀ, ನಿಮಗೇನು ಬುದ್ಧಿ ಐತೋ ಇಲ್ಲೋ?" ಎಂದು ಕಿರುಚಿದೆ.

ಅಜ್ಜಿ ಜಗ್ಗಲಿಲ್ಲ. "ನೀನ್ಯಾಕ ಬೋಳು ಹಣೆ ಬರ್ದೆ ಯವ್ವಾ? ವಿಭೂತಿ ಹಚ್ಚದೆ ಒಂದು ಗುಟುಕು ನೀರು ಕುಡ್ದೋರಲ್ಲ ಇವ್ರು. ಐವತ್ತು ವರ್ಷ ಬಾಳ್ವೆ ಮಾಡೀನಿ, ಪರದೆ ಸರಿಸಿದಾಗ ಯಾರಿವ್ರು ಅಂತ ನನಗ ಗುರ್ತೇ ಹತ್ಲಿಲ್ಲ."

ನಾನು ಮಗನತ್ತ ತಿರುಗಿದೆ. "ಫೋಟೊದಾಗೆ ವಿಭೂತಿ ಇರ್ಲಿಲ್ಲಲ್ರೀ?"

ಆತ ಹತ್ತಿರ ಬಂದು ಪಿಸುಗುಟ್ಟಿದರು: "ಇತ್ತು ಮೇಡಂ. ಸ್ಟುಡಿಯೋದಾಗೆ ಹೇಳಿ ವಿಭೂತಿ ತೆಗೆಸಿದ್ದೆ. ದೇವರಾಜ ಅರಸು ಬಡಾವಣೆ ಹೊಸ ಮನೆ ಹಾಲಿಗೆ ಹಾಕೋದು, ಡೀಸೆಂಟ್ ಕಾಣ್ಲಿ ಅಂತ. ನೀವು ಒರೆಸಿಬಿಡ್ರಿ."

ಅಂದರೆ ಇಪ್ಪತ್ತು ದಿನ ಕೂತು ನಾನು ಬರೆದದ್ದು ಸ್ಟುಡಿಯೋದವನು ಅಳಿಸಿ ಕೊಟ್ಟ ಹಣೆಯನ್ನು! ಬ್ಯಾಗಿನಿಂದ ಬಣ್ಣ ಒರೆಸುವ ಬಟ್ಟೆ ತೆಗೆದು ಆತನ ಕೈಗೆ ತುರುಕಿದೆ. "ನೀವೇ ಒರೆಸ್ರಿ. ನಿಮ್ಮವ್ವನ ಎದುರಿಗೇ ಒರೆಸ್ರಿ" ಎಂದೆ. ಆತ ಬಟ್ಟೆ ಹಿಡಿದುಕೊಂಡರು, ಒರೆಸಲಿಲ್ಲ.

ಚಪ್ಪಲಿ ಮೆಟ್ಟುತ್ತಿದ್ದಾಗ ಅಜ್ಜಿ ಬಾಗಿಲಿಗೆ ಬಂದರು. "ಸಿಟ್ಟಾಗಬ್ಯಾಡ ಯವ್ವಾ. ಅವ್ರು ಹೆಂಗಿದ್ರು ಅಂತ ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ನಲ್ಲ."

ಮಗನ ಮೇಲಿನ ಕೋಪ ಎಂದಾದರೂ ಆರೀತು. ನನ್ನ ಮೇಲೆ ನನಗೆ ಬಂದದ್ದು ಆರುವ ಹಾಗೆ ಕಾಣುವುದಿಲ್ಲ. ಅಳತೆ, ಚೌಕಟ್ಟು ಎಂದು ಆ ಮನೆಗೆ ಮೂರು ಸಲ ಹೋಗಿದ್ದೆ. ಮೂರು ಸಲವೂ ಅಜ್ಜಿ ಚಹಾ ತಂದುಕೊಟ್ಟು ಎದುರಿಗೇ ಕೂತಿದ್ದರು. ನಾನು ಮೊಬೈಲಿನಲ್ಲಿ ಆ ಫೋಟೊವನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದೆ.