ಗದ್ದೆಯಲ್ಲಿ ಅವ್ವನ ಮುಖ

ಜಪಾನಿನವರು ಗದ್ದೆಯಲ್ಲಿ ಬೇರೆ ಬೇರೆ ಬಣ್ಣದ ಭತ್ತ ನಾಟಿ ಮಾಡಿ ದೊಡ್ಡ ದೊಡ್ಡ ಚಿತ್ರ ಬಿಡಿಸುವುದನ್ನು ಹೋದ ವರ್ಷ ಫೋನಿನಲ್ಲಿ ನೋಡಿದೆ. ನೋಡಿ ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ನಮ್ಮೂರು ಸಿದ್ದಾಪುರದ ಬಂಡೆಗುಡ್ಡದ ಬುಡದಲ್ಲಿ ಬೋರ್‌ವೆಲ್ ನೀರಿನ ಗದ್ದೆಯೊಂದು ನಮಗಿದೆ. ಗುಡ್ಡ ಹತ್ತಿದರೆ ಅಂಗೈಯಲ್ಲಿಟ್ಟಂತೆ ಕಾಣುತ್ತದೆ. ಅದರಲ್ಲಿ ಅವ್ವನ ಮುಖ ಮೂಡಿಸಲು ಹೊರಟೆ. ಅವ್ವನ ಮೇಲಿನ ಪ್ರೀತಿ ಎಂದು ಎಲ್ಲರಿಗೂ ಹೇಳಿಕೊಂಡೆ. ‘ಮಗ ಅಂದ್ರೆ ಹಿಂಗಿರಬೇಕು’ ಅನ್ನಿಸಿಕೊಳ್ಳುವ ಚಪಲವೇ ಹೆಚ್ಚಿತ್ತು.

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಗೆ ಗ್ರಾಫ್ ಹಾಳೆಯ ಮೇಲೆ ಡಿಸೈನ್ ಬರೆಯುವ ಗೆಳೆಯನಿದ್ದಾನೆ. ಅವನು ಅವ್ವನ ಫೋಟೊ ನೋಡಿ ಚೌಕ ಚೌಕವಾಗಿ ಬರೆದುಕೊಟ್ಟ. ಅದರಂತೆ ಗೂಟ ಹೊಡೆದು ದಾರ ಕಟ್ಟಿದೆ. ಕೂದಲು, ಹುಬ್ಬು, ಕಣ್ಣು, ತುಟಿಗೆ ನೇರಳೆ ಗರಿಯ ಭತ್ತ. ಉಳಿದ ಮುಖಕ್ಕೆಲ್ಲ ಹಸಿರು ಭತ್ತ. ನಾಟಿಗೆ ಬಂದ ಹೆಣ್ಣಾಳುಗಳಿಗೆ ಅದು ಮುಖವೆಂದು ಹೇಳಲಿಲ್ಲ. ಆಮೇಲೆ ನೋಡಿ ಬೆರಗಾಗಲಿ ಎಂದುಕೊಂಡಿದ್ದೆ.

ಪೈರು ಹರಡಿಕೊಂಡ ಮೇಲೆ ಗುಡ್ಡದಲ್ಲಿ ಆಡು ಮೇಯಿಸುವವನು ಮೊದಲು ನೋಡಿ ಊರಿಗೆಲ್ಲ ಸಾರಿದ. ಜನ ಗುಡ್ಡ ಹತ್ತಿದರು, ಹೊಗಳಿದರು. ಆ ದಿನಗಳಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. ಮೊಣಕಾಲು ನೋವಿನ ಅವ್ವನಿಗೆ ಗುಡ್ಡ ಹತ್ತಲಾಗದು. “ಹೆಂಗ್ ಕಾಣ್ತೀನೋ?” ಎಂದು ಕೇಳಿದಳು.

“ಲಕ್ಷ್ಮಿ ಕಂಡಂಗೆ ಕಾಣ್ತೀಯ ಬಿಡು,” ಎಂದೆ.

ಕಳೆ ತೆಗೆಯುವ ಹೊತ್ತಿಗೆ ಅದೇ ಹೆಣ್ಣಾಳುಗಳು ಬಂದರು. ಬಂದವರು ಬದುವಿನ ಮೇಲೆ ನಿಂತುಬಿಟ್ಟರು.

“ಅಮ್ಮಾರ ಮಕದ ಮ್ಯಾಲೆ ಕಾಲಿಡಾದು ಹೆಂಗ್ರೀ ಗೌಡ್ರೇ? ಅವತ್ತು ಗೊತ್ತಿರ್ಲಿಲ್ಲ, ನಾಟಿ ಮಾಡಿದ್ವಿ. ಈಗ ಗೊತ್ತೈತಲ್ಲ,” ಎಂದಳು ಅವರಲ್ಲಿ ಹಿರಿಯಳು.

ರೇಗಿದೆ. ಅದು ಬರೀ ಭತ್ತ, ಮುಖವಲ್ಲ ಎಂದು ವಾದಿಸಿದೆ. ಅದು ಮುಖವೆಂದು ಕಂಡಕಂಡವರನ್ನೆಲ್ಲ ಗುಡ್ಡ ಹತ್ತಿಸಿದವನು ನಾನೇ. ಹಾಗಾದರೆ ನಾನೇ ಇಳಿಯುತ್ತೇನೆಂದು ಪಂಚೆ ಎತ್ತಿ ಕಟ್ಟಿದೆ. ಕಾಲು ಮುಂದೆ ಬರಲಿಲ್ಲ. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವನು, ಅವ್ವನ ಕೆನ್ನೆ ತುಳಿಯುವುದು ಹೇಗೆ? ನಾನೂ ಅವರ ಜೊತೆ ಬದುವಿನ ಮೇಲೇ ನಿಂತೆ.

ಕಳೆ ಹಾಗೇ ಉಳಿಯಿತು. ನೆಲ ಸಮವಿಲ್ಲದೆ ನೀರು ನಿಲ್ಲದ ಕಡೆಯೆಲ್ಲ ಜೇಕಿನ ಹುಲ್ಲು ಎದ್ದಿತು. ಆ ಉಬ್ಬು ಜಾಗ ಸರಿಯಾಗಿ ಅವ್ವನ ಮೂಗಿನ ಕೆಳಗಿನಿಂದ ಗದ್ದದವರೆಗೂ ಇತ್ತು. ಜೇಕು ಹೂಬಿಟ್ಟು ಕಂದು ಬಣ್ಣಕ್ಕೆ ತಿರುಗಿದಾಗ ಗುಡ್ಡದ ಮೇಲಿಂದ ನೋಡಿದರೆ ಅವ್ವನಿಗೆ ಮೀಸೆ, ಗಡ್ಡ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಯಾರೋ ಗುಡ್ಡದ ಮೇಲಿಂದ ತೆಗೆದ ಫೋಟೊ ಚಳ್ಳಕೆರೆಯ ನೆಂಟರ ಫೋನುಗಳನ್ನೂ ಮುಟ್ಟಿತು. ಅಲ್ಲಿನ ಅಂಗಡಿಯೊಂದರಲ್ಲಿ ಪರಿಚಯದವನೊಬ್ಬ, “ನಿಮ್ಮವ್ವಾರಿಗೆ ಕ್ಷೌರ ಯಾವಾಗ್ರೀ?” ಎಂದ. ಬೇರೆ ದಿನವಾಗಿದ್ದರೆ ಅವನ ಕೊರಳಪಟ್ಟಿ ಹಿಡಿಯುತ್ತಿದ್ದೆ. ಅಂದು ತಲೆ ತಗ್ಗಿಸಿ ಎದ್ದು ಬಂದೆ. ನಾಲ್ಕು ಜನರೆದುರು ಗಟ್ಟಿಯಾಗಿ ನಗಲೂ ಸಂಕೋಚಪಡುವ ಹೆಂಗಸನ್ನು ಊರಿನ ನಗೆಪಾಟಲಿಗೆ ಒಡ್ಡಿದ್ದೆ. ಉತ್ತುಬಿಡೋಣವೆಂದರೆ, ಹೆತ್ತವ್ವನ ಮುಖದ ಮೇಲೆ ಟ್ರ್ಯಾಕ್ಟರ್ ಹೊಡೆದ ಮಗ ಅನ್ನಿಸಿಕೊಳ್ಳುವುದೊಂದು ಬಾಕಿ. ಮನೆಯಲ್ಲಿ ಅವಳೆದುರು ಕೂತು ಊಟ ಮಾಡುವುದನ್ನೇ ಬಿಟ್ಟೆ.

ಅವಳಿಗೆ ತಿಳಿಯದಿರಲಿ ಎಂಬುದೊಂದೇ ಆಸೆಯಿತ್ತು. ಅದನ್ನೂ ಚಿಕ್ಕಮ್ಮ ಉಳಿಸಲಿಲ್ಲ. ಮನೆಗೆ ಬಂದವಳು ಫೋನು ತೆಗೆದು ತೋರಿಸಿಯೇಬಿಟ್ಟಳು. ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. “ನಮ್ಮಪ್ಪನ ಹಂಗೇ ಕಾಣ್ತೀನಲ್ಲೇ,” ಎಂದಳು. ನಾನು ಪಕ್ಕದ ಕೋಣೆಯಲ್ಲಿ ಗೋಡೆ ಕಡೆ ತಿರುಗಿ ಕೂತಿದ್ದೆ.

ಮರುದಿನ ಬೆಳಿಗ್ಗೆ ಹೆಣ್ಣಾಳುಗಳಿಗೆ ಹೇಳಿಕಳಿಸಿ, ಅವಳೇ ಗದ್ದೆಗೆ ಹೊರಟಳು. ನಾನು ಹಿಂದೆ ಓಡಿದೆ. ಸೀರೆ ಎತ್ತಿ ಕಟ್ಟಿ, ಮೊಣಕಾಲು ಹಿಡಿದುಕೊಂಡು ಬದು ಇಳಿದವಳು, ಪೈರಿನ ನಡುವೆ ಕಾಲೂರುತ್ತ ಹೋಗಿ ತನ್ನ ಗದ್ದದ ಮೇಲೆ ನಿಂತಳು.

“ನನ್ ಮಕ ನಾನೇ ತೊಳ್ಕೊಂತೀನಿ,” ಎಂದು ಬಗ್ಗಿ ಜೇಕು ಕೀಳತೊಡಗಿದಳು.

ಬದುವಿಗೆ ಬಂದಿದ್ದ ಹೆಣ್ಣಾಳುಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೂ ಇಳಿಯಲಿಲ್ಲ.

“ಅವ್ವಾ, ಮ್ಯಾಕೆ ಬಾ. ನಂಗೆ ನಾಚಿಕೆ ಆಗ್ತೈತೆ,” ಎಂದೆ.

ಅವಳು ತಲೆ ಎತ್ತಲಿಲ್ಲ. “ಹೊಟ್ಟೇಲಿದ್ದಾಗ್ಲೇ ಒದ್ದೋನು ನೀನು. ಈಗೇನ್ ನಾಚಿಕೆ? ಇಳಿ.”

ಚಪ್ಪಲಿ ಬಿಟ್ಟು ಇಳಿದೆ.