ಕಡೇ ಲೆಕ್ಕದ ಕಾಡಿಗಿ ಬೊಟ್ಟು

ನನ್ನ ಮಗಳು ಆಗ ಮೂರನೇ ಕ್ಲಾಸು. ಬಾಜೂ ಖೋಲಿಯೊಳಗ ಐದನೇ ಕ್ಲಾಸಿನವ್ರಿಗೆ ಹೇಳೋ ಲೆಕ್ಕ ಗ್ವಾಡಿ ಆಚಿಂದನ ಕೇಳಿ ಬಾಯಾಗ ಬಿಡಸಾಕಿ. ತನ್ನ ಕ್ಲಾಸಿನ್ಯಾಗ ಮಾತ್ರ ಬ್ಯಾಸರಾಗಿ ನಿದ್ದಿ ಹೊಡ್ಯಾಕಿ. ಗಣಿತದ ಹೊತ್ತಿಗರೆ ಅಕಿನ್ನ ಐದನೇತ್ತಾದಾಗ ಕೂಡಸ್ರಿ ಅಂತ ಕೇಳಾಕ ನಾ ಹಳಿಯಾಳದ ನಮ್ಮ ಓಣಿ ಸಾಲಿಗೆ ಹೊಂಟೆ.

"ನಾನೂ ಬರ್ತೇನಿ" ಅಂತ ನಮ್ಮ ಅತ್ತಿ ಹಣಿ ತುಂಬ ಇಬತ್ತಿ ಹಚ್ಕೊಂಡು, ಇಳಕಲ್ ಸೀರಿ ಉಟ್ಕೊಂಡು ತಯಾರಾದ್ರು. ಹಿರೇರ ಮಾತಿಗೆ ತೂಕ ಇರ್ತೈತಿ ಅಂತ ನಾನೂ ಹೂಂ ಅಂದೆ. ಎಲ್ಲಿ ಹೋಗಿತ್ತೋ ನನ್ನ ಬುದ್ಧಿ!

ಹೆಡ್ ಮಾಸ್ತರು ಛಲೋ ಮನಶ್ಯಾ. "ಕೂಡಸೂಣ್ರಿ ಅಕ್ಕಾರ. ಆದ್ರ ಎಲ್ಲಾ ಲೆಕ್ಕ ಬರೋಬ್ಬರಿ ಮಾಡಾಕಿ, ಕಡೇದ್ದು ಮಾತ್ರ ಪ್ರತಿ ಸಲ ತಪ್ಪು ಮಾಡ್ತಾಳ. ಮ್ಯಾಲಿನ ಕ್ಲಾಸಿನ್ಯಾಗ ಹೆಂಗ ತಡೀತಾಳ್ರಿ?" ಅಂದ್ರು.

ನಾ ಬಾಯಿ ತೆಗಿಯೂದ್ರಾಗ ಅತ್ತಿ ಅಂದ್ರು, "ಅಯ್ಯ, ಅದಕ್ಕೇನ್ ಬರ್ತೈತ್ರೀ ಮಾಸ್ತರ? ಮಣ್ಣು! ಪೂರಾ ದಡ್ಡ ಐತಿ."

ನನಗ ಮೈಯೆಲ್ಲಾ ಉರೀತು. ವಕೀಲಿ ಮಾಡಾಕ ಬಂದವ್ರು ಎದುರ ಪಾರ್ಟಿ ಸೇರಿದ್ರು!

ಮಾಸ್ತರು ಮಗಳನ್ನ ಕರಸಿ, ಬೋರ್ಡಿನ ಮ್ಯಾಲೆ ಐದನೇ ಕ್ಲಾಸಿನ ಲೆಕ್ಕ ಬರದ್ರು. ಚಕಚಕ ಬಿಡಿಸಿದ್ಲು. ಕಡೇದ್ದಕ್ಕ ಉತ್ತರ ಬರದು, ಅಜ್ಜಿ ಮಾರಿ ನೋಡಿ, ಅಳಿಸಿ, ತಪ್ಪು ಬರದ್ಲು.

"ಸರಿ ಇತ್ತಲ್ಲ, ಯಾಕ ಅಳಿಸಿದಿ?" ಅಂತ ಒದರಿದೆ.

"ಎಲ್ಲಾ ಸರಿ ಮಾಡಿದ್ರ ದೃಷ್ಟಿ ಆಗ್ತೈತಂತ. ಒಂದು ತಪ್ಪಿದ್ರ ಕಾಡಿಗಿ ಬೊಟ್ಟು ಇಟ್ಟಂಗಂತ. ಅಜ್ಜಿ ಹೇಳ್ಯಾಳ."

ಮಾಸ್ತರು ಕಣ್ಣಿನ ಚಾಳೀಸ ತಗದು ನಕ್ರು. ನನಗ ನಗಬೇಕೋ ಅಳಬೇಕೋ ತಿಳೀಲಿಲ್ಲ. "ಅತ್ತಿಯವ್ರ, ಗಲ್ಲಕ್ಕ ಬೇಕಾದ್ರ ರೊಟ್ಟಿಯಷ್ಟು ಬೊಟ್ಟು ಇಡ್ರಿ, ಲೆಕ್ಕಕ್ಕ ಬ್ಯಾಡ್ರಿ!" ಅಂದೆ.

"ನೀವ ಹೇಳ್ರಿ ಅಜ್ಜಿ," ಅಂದ್ರು ಮಾಸ್ತರು, "ಖರೇನ ಬರ್ತೈತೋ ಇಲ್ಲೋ? ಹೂಂ ಅಂದ್ರ ನಾಳಿಂದ ಕೂಡಸ್ತೇನಿ."

ಜನ್ಮದಾಗ ಯಾರನ್ನೂ ಹೊಗಳದ ನಮ್ಮ ಅತ್ತಿ ಮೊಮ್ಮಗಳನ್ನ ಹತ್ರ ಎಳಕೊಂಡ್ರು. ಅಕಿ ಕಿವಿ ಎರಡೂ ಕೈಲೆ ಮುಚ್ಚಿ, ಸಣ್ಣ ದನಿಯೊಳಗ ಅಂದ್ರು, "ಬರ್ತೈತ್ರೀ. ನಮ್ಮ ಮನ್ಯಾಗ ಯಾರಿಗೂ ಬರದಷ್ಟು ಬರ್ತೈತಿ." ಅವ್ರ ಕಣ್ಣಾಗ ನೀರು. ನನ್ನ ಸಿಟ್ಟು ಅಲ್ಲೇ ಇಳೀತು.

ಅತ್ತಿ ಕೈ ತಗದು ಬೋರ್ಡಿನ ಕಡೆ ತೋರಿಸಿದ್ರು. ಮಗಳು ಹೋಗಿ ಸರಿ ಉತ್ತರ ಬರದ್ಲು. ಅತ್ತಿ ಗಡಬಡಿಸಿ ಎದ್ದು, ಎಲಿಅಡಿಕಿ ಚೀಲದಾಗಿನ ಕಾಡಿಗಿ ಡಬ್ಬಿ ತಗದು, ಆ ಉತ್ತರದ ಬಾಜೂಕ ಬೆರಳಿಲೆ ಒಂದು ಬೊಟ್ಟು ಇಟ್ರು. ಕರೀ ಬೋರ್ಡು, ಕರೀ ಬೊಟ್ಟು, ಯಾರಿಗೂ ಕಾಣ್ಲಿಲ್ಲ.

"ಈಗ ಕಳಸ್ರಿ ಐದನೇತ್ತಾಕ," ಅಂದ್ರು ಅತ್ತಿ.